ಹಸ್ತಪ್ರತಿಗೂ ಒಂದು ಸನದು: ಟಿಪ್ಪುವಿನ ಗ್ರಂಥಾಲಯದಿಂದ ಕಂಪ್ಯೂಟರಿನವರೆಗೆ

1799ರ ಮೇ 4ರಂದು ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾಯಿತು, ಹಜರತ್ ಟಿಪ್ಪು ಸುಲ್ತಾನರು ರಣರಂಗದಲ್ಲೇ ಹುತಾತ್ಮರಾದರು ಎಂಬುದು ಪ್ರಾಥಮಿಕ ಶಾಲೆಯ ಮಕ್ಕಳಿಗೂ ಗೊತ್ತು. ಅರಮನೆಯ ಚಿನ್ನಾಭರಣ, ಸಿಂಹಾಸನ, ಖಡ್ಗಗಳು ಎಲ್ಲೆಲ್ಲಿಗೆ ಹೋದವು ಎಂಬ ಕಥೆಯನ್ನು ನಮ್ಮ ಊರಿನಲ್ಲಿ ಇಂದಿಗೂ ಹೇಳುತ್ತಾರೆ. ಅದೇ ಅರಮನೆಯಲ್ಲಿ ಸುಮಾರು ಎರಡು ಸಾವಿರ ಸಂಪುಟಗಳ ಒಂದು ಗ್ರಂಥಾಲಯವೂ ಇತ್ತು. ಅರಬ್ಬಿ, ಫಾರ್ಸಿ, ದಖ್ಖನಿ ಭಾಷೆಗಳ ಕೈಬರಹದ ಪುಸ್ತಕಗಳು ಅಲ್ಲಿದ್ದವು. ಅವುಗಳ ಕಥೆಯನ್ನು ಹೇಳುವವರು ಕಡಿಮೆ.

ನಮ್ಮ ಗೋಕುಲಂ ಬಡಾವಣೆಯಿಂದ ಶ್ರೀರಂಗಪಟ್ಟಣಕ್ಕೆ ಸುಮಾರು 15 ಕಿಲೋಮೀಟರು. ಇಷ್ಟು ಹತ್ತಿರವಿದ್ದ ಆ ಪುಸ್ತಕಗಳಲ್ಲಿ ಏನೇನಿತ್ತು ಎಂದು ಇಂದು ತಿಳಿಯಬೇಕಾದರೆ 1809ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಅಚ್ಚಾದ ಒಂದು ಪಟ್ಟಿಯನ್ನು ತೆರೆಯಬೇಕು. ಒಂದು ಗ್ರಂಥದ ಜೊತೆಗೆ ಅದರ ವಿವರವನ್ನೂ ಬರೆದಿಡುವುದು ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಸಿಗಲಾರದು. ಇಂದು ಹಳೆಯ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಎಲ್ಲೆಡೆ ನಡೆಯುತ್ತಿದೆ. ಹೀಗಾಗಿ ಈ ವಿಷಯವನ್ನು ನಾವು ಸ್ವಲ್ಪ ನಿಧಾನವಾಗಿ ಆಲೋಚಿಸಬೇಕಾಗಿದೆ.

ಸ್ಟೀವರ್ಟನ ಪಟ್ಟಿ

ಶ್ರೀರಂಗಪಟ್ಟಣದ ಪತನದ ನಂತರ ಗ್ರಂಥಾಲಯದ ಹೆಚ್ಚಿನ ಭಾಗ ಕಲ್ಕತ್ತಕ್ಕೆ ಹೋಯಿತು. 1800ರಲ್ಲಿ ಅಲ್ಲಿ ಆರಂಭವಾದ ಫೋರ್ಟ್ ವಿಲಿಯಂ ಕಾಲೇಜು ಬಹುಪಾಲು ಪುಸ್ತಕಗಳನ್ನು ಪಡೆಯಿತು. ಕೆಲವು ಗ್ರಂಥಗಳು ಕಾಣಿಕೆಯಾಗಿ ಇಂಗ್ಲೆಂಡಿನ ಅರಸನಿಗೂ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳಿಗೂ ಹೋದವು. ಮುಂದೆ ಕಲ್ಕತ್ತದ ಸಂಗ್ರಹವೂ ಒಡೆದು, ಒಂದು ಪಾಲು ಏಷ್ಯಾಟಿಕ್ ಸೊಸೈಟಿಗೂ ಮತ್ತೊಂದು ಪಾಲು ಲಂಡನ್ನಿಗೂ ಸೇರಿತು. ಹೀಗೆ ಒಂದೇ ಸೂರಿನಡಿ ಇದ್ದ ಪುಸ್ತಕಗಳು ಹಲವು ದಿಕ್ಕಿಗೆ ಚದುರಿಹೋದವು.

ಇವು ಪೂರ್ತಿಯಾಗಿ ಚದುರುವ ಮುನ್ನ ಒಬ್ಬರು ಕುಳಿತು ಪಟ್ಟಿ ಮಾಡಿದರು. ಅವರೇ ಚಾರ್ಲ್ಸ್ ಸ್ಟೀವರ್ಟ್. ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಫಾರ್ಸಿ ಕಲಿಸುತ್ತಿದ್ದ ಇವರು ಮುಂದೆ ಇಂಗ್ಲೆಂಡಿನಲ್ಲಿ ಕಂಪನಿಯ ಕಾಲೇಜಿನ ಪ್ರಾಧ್ಯಾಪಕರಾದರು. ಗ್ರಂಥದ ಹೆಸರು, ಗಾತ್ರ, ಬರವಣಿಗೆಯ ಶೈಲಿ, ಬರೆದವರು ಯಾರು, ಯಾವ ಕಾಲದವರು, ವಿಷಯವೇನು ಎಂದು ಅವರು ವಿಷಯವಾರು ಬರೆದುಕೊಂಡು ಹೋದರು. ಕಾವ್ಯದ 190, ಇತಿಹಾಸದ 118, ತಸವ್ವುಫ್‌ನ 115, ಫಿಕ್ಹ್‌ನ 95 ಸಂಪುಟಗಳು ಅದರಲ್ಲಿದ್ದವು. ಹಿಂದಿ ಹಾಗೂ ದಖ್ಖನಿ ಕಾವ್ಯದ 23 ಸಂಪುಟಗಳೂ ಇದ್ದವು. ಸುಲ್ತಾನರ ಆಸ್ಥಾನದ ಓದು ಎಷ್ಟು ವಿಶಾಲವಾಗಿತ್ತೆಂದು ನಾವು ಇಂದು ಹೆಮ್ಮೆಯಿಂದ ಹೇಳುವುದು ಈ ಅಂಕಿಗಳ ಬಲದಿಂದಲೇ.

ಸ್ಟೀವರ್ಟ್ ಇನ್ನೂ ಒಂದು ಉಪಕಾರ ಮಾಡಿದರು. ಶ್ರೀರಂಗಪಟ್ಟಣದಲ್ಲಿ ಹೊಸದಾಗಿ ರಟ್ಟು ಕಟ್ಟಿಸಿದ ಸಂಪುಟಗಳ ಗುರುತನ್ನು ಬರೆದಿಟ್ಟರು. ರಟ್ಟಿನ ನಡುವೆ ಅಲ್ಲಾಹನ, ಪ್ರವಾದಿವರ್ಯರ (ಸ), ಅವರ ಮಗಳು ಫಾತಿಮಾ ಮತ್ತು ಮೊಮ್ಮಕ್ಕಳಾದ ಹಸನ್, ಹುಸೈನರ ಹೆಸರುಗಳು; ನಾಲ್ಕು ಮೂಲೆಗಳಲ್ಲಿ ನಾಲ್ವರು ಖಲೀಫರ ಹೆಸರುಗಳು; ಮೇಲೆ ‘ಸರ್ಕಾರೆ ಖುದಾದಾದ್’, ಕೆಳಗೆ ‘ಅಲ್ಲಾಹ್ ಕಾಫಿ’ ಎಂಬ ಅಚ್ಚು. ಇಂದು ಯಾವುದೋ ದೇಶದ ಗ್ರಂಥಾಲಯದಲ್ಲಿ ಇಂಥ ರಟ್ಟಿನ ಪುಸ್ತಕ ಕಂಡರೆ ಇದು ನಮ್ಮ ಶ್ರೀರಂಗಪಟ್ಟಣದ್ದು ಎಂದು ಸಂಶೋಧಕರು ಗುರುತಿಸಬಲ್ಲರು. ಆ ಪುಸ್ತಕಗಳಲ್ಲಿ ಬಹಳಷ್ಟು ಸವಣೂರು, ಕಡಪ ಮತ್ತು ಕರ್ನಾಟಿಕ್ ಪ್ರಾಂತಗಳಿಂದ ಬಂದವು ಎಂದೂ ಸ್ಟೀವರ್ಟ್ ತಿಳಿಸಿದ್ದಾರೆ. ಅಂದರೆ ಶ್ರೀರಂಗಪಟ್ಟಣಕ್ಕೆ ಬರುವ ಮೊದಲೇ ಆ ಗ್ರಂಥಗಳಿಗೆ ಬೇರೆ ಮನೆಗಳಿದ್ದವು.

ಮತ್ತೊಂದು ಉದಾಹರಣೆ ಸುಲ್ತಾನರ ಕನಸಿನ ಪುಸ್ತಕ, ‘ಖ್ವಾಬ್‌ನಾಮಾ’. ತಮಗೆ ಬಿದ್ದ 37 ಕನಸುಗಳನ್ನು ಅವರು ಸ್ವಂತ ಕೈಯಿಂದ ಫಾರ್ಸಿಯಲ್ಲಿ ಬರೆದ ಈ ಪುಸ್ತಕ ಈಗ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ. 1800ರಲ್ಲಿ ಇದನ್ನು ಕಂಪನಿಗೆ ಒಪ್ಪಿಸುವಾಗ ಅಲೆಕ್ಸಾಂಡರ್ ಬೀಟ್ಸನ್ ಎಂಬ ಅಧಿಕಾರಿ ಒಂದು ಸಣ್ಣ ಟಿಪ್ಪಣಿ ಬರೆದರು. ಅರಮನೆಯ ಗುಪ್ತ ಕಾಗದಗಳ ನಡುವೆ ಕರ್ನಲ್ ಕರ್ಕ್‌ಪ್ಯಾಟ್ರಿಕ್ ಇದನ್ನು ಕಂಡುಹಿಡಿದದ್ದು, ಆಗ ಸುಲ್ತಾನರ ಆಪ್ತ ಹಬೀಬುಲ್ಲಾ ಅಲ್ಲೇ ಇದ್ದದ್ದು, ಸುಲ್ತಾನರು ಇದನ್ನು ಯಾರ ಕಣ್ಣಿಗೂ ಬೀಳದಂತೆ ಕಾಪಾಡುತ್ತಿದ್ದದ್ದು ಎಲ್ಲವೂ ಅದರಲ್ಲಿದೆ. ಕೆಲವೇ ಸಾಲುಗಳು. ಆದರೆ ಆ ಸಾಲುಗಳಿಲ್ಲದಿದ್ದರೆ ಇದು ಯಾರ ಬರಹ, ಎಲ್ಲಿ ಸಿಕ್ಕಿತು ಎಂಬ ವಾದವೇ ಇಂದಿಗೂ ಮುಗಿಯುತ್ತಿರಲಿಲ್ಲ.

ಇದು ನಮಗೆ ಹೊಸದಲ್ಲ

ಬರಹದ ಬಗ್ಗೆ ಬರೆದಿಡುವ ಈ ವಿವರಕ್ಕೆ ಇಂದು ‘ಮೆಟಾಡೇಟಾ’ ಎನ್ನುತ್ತಾರೆ. ಹೆಸರು ಹೊಸದಾದರೂ ಪದ್ಧತಿ ಬಹಳ ಹಳೆಯದು. ಹದೀಸ್ ವಿದ್ಯೆಯನ್ನು ಅರಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ರತಿಯೊಂದು ಹದೀಸಿಗೂ ಎರಡು ಭಾಗ. ಹೇಳಿದ ಮಾತು ‘ಮತ್ನ್’. ಯಾರಿಂದ ಯಾರು ಕೇಳಿದರು ಎಂಬ ಸರಪಳಿ ‘ಸನದ್’. ಸನದ್ ಇಲ್ಲದ ಮತ್ನ್ ಎಷ್ಟೇ ಸುಂದರವಾಗಿದ್ದರೂ ವಿದ್ವಾಂಸರು ಅದನ್ನು ಸುಮ್ಮನೆ ಒಪ್ಪಲಿಲ್ಲ. ಭೂಮಿಯ ಹಕ್ಕಿಗೆ ಕನ್ನಡದಲ್ಲಿ ನಾವು ‘ಸನದು’ ಎನ್ನುವುದೂ ಇದೇ ಶಬ್ದ. ಹಸ್ತಪ್ರತಿಯ ವಿವರವೂ ಒಂದು ಸನದೇ.

ಬಾಗ್ದಾದಿನ ಪುಸ್ತಕ ವ್ಯಾಪಾರಿ ಇಬ್ನ್ ಅನ್ನದೀಮ್ ಹಿಜರಿ 377ರಲ್ಲಿ, ಅಂದರೆ ಕ್ರಿ.ಶ. 987ರಲ್ಲಿ, ‘ಅಲ್ ಫಿಹ್ರಿಸ್ತ್’ ಎಂಬ ಗ್ರಂಥ ರಚಿಸಿದರು. ತಮ್ಮ ಕಾಲದ ಅರಬ್ಬಿ ಪುಸ್ತಕಗಳ ಹಾಗೂ ಅವುಗಳ ಲೇಖಕರ ವಿವರಗಳನ್ನು ಅದರಲ್ಲಿ ಕೂಡಿಸಿದರು. ಅದರಲ್ಲಿ ಹೆಸರಿಸಿದ ಅನೇಕ ಪುಸ್ತಕಗಳು ಇಂದು ಎಲ್ಲೂ ಇಲ್ಲ. ಅವು ಒಂದು ಕಾಲದಲ್ಲಿ ಇದ್ದವು ಎಂಬುದೇ ಫಿಹ್ರಿಸ್ತ್‌ನಿಂದ ತಿಳಿಯುತ್ತದೆ. 17ನೇ ಶತಮಾನದಲ್ಲಿ ಇಸ್ತಾಂಬುಲ್ ನಗರದ ಹಾಜಿ ಖಲೀಫಾ ‘ಕಶ್ಫುಝ್ ಝುನೂನ್’ ಎಂಬ ಸೂಚಿಯಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಗ್ರಂಥಗಳನ್ನು ಅಕಾರಾದಿಯಾಗಿ ಜೋಡಿಸಿದರು.

ನಮ್ಮ ಕಾತಿಬರೂ ಹಿಂದೆ ಬಿದ್ದವರಲ್ಲ. ಫಾರ್ಸಿ, ಉರ್ದು ಹಸ್ತಪ್ರತಿಗಳ ಕೊನೆಯಲ್ಲಿ ‘ತರ್ಕೀಮಾ’ ಎಂಬ ಭಾಗವಿರುತ್ತದೆ. ಪ್ರತಿ ಮಾಡಿದವನ ಹೆಸರು, ಊರು, ದಿನಾಂಕ, ಯಾರಿಗಾಗಿ ಬರೆದದ್ದು ಎಂಬುದು ಅಲ್ಲಿರುತ್ತದೆ. ಮೊಗಲರ ಗ್ರಂಥಾಲಯದಲ್ಲಿ ಪುಸ್ತಕಗಳನ್ನು ಆಗಾಗ ತಪಾಸಣೆ ಮಾಡಿ, ಹಾಳೆಯ ಮೇಲೆ ‘ಅರ್ಜ್ ದೀದಾ’ ಎಂದು ಬರೆದು ತಾರೀಖು ಹಾಕಿ ಮೊಹರು ಒತ್ತುತ್ತಿದ್ದರು. ಕನ್ನಡದ ಓಲೆಗರಿಗಳಲ್ಲೂ ಇದೇ ಕ್ರಮ. ಗ್ರಂಥ ಮುಗಿದ ಮೇಲೆ ಸಂವತ್ಸರ, ಮಾಸ, ಪಕ್ಷ, ತಿಥಿ, ಲಿಪಿಕಾರನ ಹೆಸರು ಬರೆಯುತ್ತಿದ್ದರು. ತಪ್ಪುಗಳಿದ್ದರೆ ತಿದ್ದಿ ಓದಬೇಕೆಂಬ ವಿನಂತಿಯೂ ಅನೇಕ ಪ್ರತಿಗಳಲ್ಲಿ ಇರುತ್ತದೆ. ಆರ್. ನರಸಿಂಹಾಚಾರ್ಯರು 1907, 1919 ಮತ್ತು 1929ರಲ್ಲಿ ಮೂರು ಸಂಪುಟಗಳಾಗಿ ಹೊರತಂದ ‘ಕರ್ಣಾಟಕ ಕವಿಚರಿತೆ’ಯಂಥ ಮಹತ್ಕಾರ್ಯಕ್ಕೆ ಹಸ್ತಪ್ರತಿಗಳ ಇಂಥ ಒಳಸಾಕ್ಷ್ಯಗಳೂ ಶಾಸನಗಳೂ ನೆರವಾದವು.

ಒಂದು ಇಸವಿ, ಎರಡು ಅರ್ಥ

ವಿವರ ಬರೆದರೆ ಸಾಲದು, ಸರಿಯಾಗಿ ಬರೆಯಬೇಕು. ಇದಕ್ಕೆ ಟಿಪ್ಪು ಸುಲ್ತಾನರ ಪಂಚಾಂಗವೇ ಸಾಕ್ಷಿ. ಅವರು ಹಿಜರಿಯನ್ನು ಬಿಟ್ಟು, ಪ್ರವಾದಿವರ್ಯರ (ಸ) ಜನನದಿಂದ ಎಣಿಸುವ ‘ಮೌಲೂದಿ’ ಶಕೆಯನ್ನು ಜಾರಿಗೆ ತಂದರು. ನಾಣ್ಯಗಳ ಮೇಲೆ ಹಿಜರಿ 1201ರ ನಂತರ ಒಮ್ಮೆಲೇ 1215 ಬರುತ್ತದೆ. ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುವ ಕ್ರಮವನ್ನೂ ತಂದರು. ಇದನ್ನರಿಯದೆ 1215 ಎಂಬುದನ್ನು ಹಿಜರಿ ಎಂದು ಓದಿದರೆ ಅದು ಕ್ರಿ.ಶ. 1800 ಆಗುತ್ತದೆ. ಆಗ ಸುಲ್ತಾನರು ಬದುಕಿಯೇ ಇರಲಿಲ್ಲ! ನಿಜವಾದ ವರ್ಷ 1787ರ ಆಸುಪಾಸು.

ಇನ್ನೂ ಕುತೂಹಲದ ಸಂಗತಿಯೆಂದರೆ, ಸುಲ್ತಾನರ ಪಂಚಾಂಗದಲ್ಲಿ ನಮ್ಮ ಅರವತ್ತು ಸಂವತ್ಸರಗಳಂತೆಯೇ ವರ್ಷಗಳಿಗೂ ಹೆಸರುಗಳಿದ್ದವು. ಮೊದಲ ತಿಂಗಳು ‘ಅಹ್ಮದಿ’ಯು ಚೈತ್ರಕ್ಕೆ ಹೊಂದುತ್ತಿತ್ತು. ಸಂವತ್ಸರದ ಹೆಸರಿನಲ್ಲೂ ಇಂಥದೇ ತೊಡಕಿದೆ. ಓಲೆಗರಿಯಲ್ಲಿ ‘ಸಿದ್ಧಾರ್ಥಿ ಸಂವತ್ಸರ’ ಎಂದಷ್ಟೇ ಇದ್ದರೆ ಅದು 1799 ಆಗಿರಬಹುದು, 1859 ಅಥವಾ 1919 ಕೂಡ ಆಗಿರಬಹುದು. ಆದ್ದರಿಂದ ವಿವರ ಬರೆಯುವವರು ಪುಸ್ತಕದಲ್ಲಿ ಇದ್ದದ್ದನ್ನು ಇದ್ದಂತೆಯೇ ಮೊದಲು ಬರೆಯಬೇಕು. ಯಾವ ಶಕೆ ಎಂದು ನಮೂದಿಸಬೇಕು. ಆಮೇಲೆ ತಮ್ಮ ಲೆಕ್ಕದ ಕ್ರಿಸ್ತಶಕ ವರ್ಷವನ್ನು ಬೇರೆಯಾಗಿ ಹಾಕಬೇಕು. ಮೂಲವನ್ನು ಅಳಿಸಿ ನಮ್ಮ ಊಹೆಯನ್ನು ಬರೆದರೆ ಮುಂದಿನವರಿಗೆ ತಿದ್ದುವ ದಾರಿಯೇ ಉಳಿಯುವುದಿಲ್ಲ.

ಹೆಸರಿಲ್ಲದ ಪಂಡಿತರು

ಮೈಸೂರಿನಲ್ಲಿ 1891ರಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಓರಿಯಂಟಲ್ ಲೈಬ್ರರಿ ಆರಂಭವಾಯಿತು. ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಅದೇ. 1905ರಲ್ಲಿ ಅಲ್ಲಿನ ಆರ್. ಶಾಮಶಾಸ್ತ್ರಿಗಳು ತಾಳೆಗರಿಗಳ ನಡುವೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ನಮ್ಮ ಮೈಸೂರಿನ ಹೆಸರು ಜಗತ್ತಿಗೆಲ್ಲ ಕೇಳಿಸಿತು.

ಆ ಪ್ರತಿಯ ಭಾಷೆ ಸಂಸ್ಕೃತ, ಲಿಪಿ ಗ್ರಂಥ. ಭಾಷೆ ಬೇರೆ, ಲಿಪಿ ಬೇರೆ ಎಂಬುದನ್ನು ವಿವರದಲ್ಲಿ ಪ್ರತ್ಯೇಕವಾಗಿ ಬರೆಯಬೇಕಾದ ಕಾರಣ ಇಲ್ಲಿ ಸ್ಪಷ್ಟವಾಗುತ್ತದೆ. ನಮ್ಮ ರಾಜ್ಯದಲ್ಲೇ ಭಟ್ಕಳದ ನವಾಯತಿ ಭಾಷೆಯನ್ನು ಅರಬ್ಬಿ-ಫಾರ್ಸಿ ಲಿಪಿಯಲ್ಲಿ ಬರೆಯುತ್ತಾರೆ. ಕರಾವಳಿಯ ಬ್ಯಾರಿ ಭಾಷೆಗೆ ಕನ್ನಡ ಲಿಪಿಯೂ ಬಳಕೆಯಲ್ಲಿದೆ. ಲಿಪಿಯನ್ನು ನೋಡಿ ಭಾಷೆಯನ್ನು ಊಹಿಸಿದರೆ ಪುಸ್ತಕ ತಪ್ಪು ಕಪಾಟಿಗೆ ಸೇರುತ್ತದೆ.

ಅರ್ಥಶಾಸ್ತ್ರದ ಆ ಓಲೆಗಳನ್ನು ಗ್ರಂಥಾಲಯಕ್ಕೆ ತಂದುಕೊಟ್ಟವರು ಯಾರು? ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಎಂದಷ್ಟೇ ನಾವು ಸಾಮಾನ್ಯವಾಗಿ ಓದುತ್ತೇವೆ. ಭಾರತದ ಇತಿಹಾಸದ ಪಾಠವನ್ನೇ ಬದಲಿಸಿದ ಗ್ರಂಥವನ್ನು ಕಾಪಾಡಿ ಒಪ್ಪಿಸಿದ ಆ ಮಹನೀಯರು ಹೆಸರಿಲ್ಲದೆ ಉಳಿದುಬಿಟ್ಟರು. ಕೊಟ್ಟವರ ಹೆಸರು ಬರೆಯಲು ಒಂದು ಸಾಲು ಸಾಕಾಗುತ್ತಿತ್ತು.

ಕಂಪ್ಯೂಟರು ಬಂದ ಮೇಲೆ

ಪುಸ್ತಕಗಳು ಕಂಪ್ಯೂಟರಿಗೆ ಬಂದಾಗ ಇದೇ ಪ್ರಶ್ನೆ ಹೊಸ ರೂಪದಲ್ಲಿ ಎದುರಾಯಿತು. 1987ರ ನವೆಂಬರಿನಲ್ಲಿ ಅಮೆರಿಕದ ವಾಸರ್ ಕಾಲೇಜಿನಲ್ಲಿ ವಿದ್ವಾಂಸರು ಸಭೆ ಸೇರಿ, ಗ್ರಂಥಪಾಠಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸಲು ಎಲ್ಲರಿಗೂ ಒಪ್ಪಿಗೆಯಾಗುವ ನಿಯಮಗಳು ಬೇಕೆಂದು ತೀರ್ಮಾನಿಸಿದರು. ಇದೇ ಟೆಕ್ಸ್ಟ್ ಎನ್‌ಕೋಡಿಂಗ್ ಇನಿಷಿಯೇಟಿವ್, ಚಿಕ್ಕದಾಗಿ ಟಿ.ಇ.ಐ. ಇದರ ಪೂರ್ಣ ಮಾರ್ಗಸೂಚಿ 1994ರಲ್ಲಿಯೂ ಈಗ ಬಳಕೆಯಲ್ಲಿರುವ ಐದನೇ ಆವೃತ್ತಿ 2007ರಲ್ಲಿಯೂ ಬಂತು.

ಟಿ.ಇ.ಐ. ನಿಯಮದ ಪ್ರಕಾರ ಪಾಠಕ್ಕಿಂತ ಮೊದಲು ‘ಹೆಡರ್’ ಎಂಬ ಭಾಗ ಇರಲೇಬೇಕು. ಅದಿಲ್ಲದ ಕಡತವನ್ನು ಪೂರ್ಣವೆಂದು ಪರಿಗಣಿಸುವುದಿಲ್ಲ. ಶಾಲೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಮಗು ತರಗತಿಯಲ್ಲಿ ಕೂರುವ ಮೊದಲು ದಾಖಲಾತಿ ರಿಜಿಸ್ಟರಿನಲ್ಲಿ ಅದರ ಹೆಸರು, ಜನ್ಮದಿನಾಂಕ, ಮಾತೃಭಾಷೆ, ಹಿಂದಿನ ಶಾಲೆ, ಟಿ.ಸಿ. ಸಂಖ್ಯೆ ಬರೆಯುತ್ತೇವಲ್ಲ, ಹಾಗೆಯೇ ಇದೂ.

ಹೆಡರಿನಲ್ಲಿ ಮುಖ್ಯವಾಗಿ ನಾಲ್ಕು ಭಾಗಗಳು. ಮೊದಲನೆಯದು ಕಡತದ ವಿವರ: ಇದರ ಹೆಸರೇನು, ಯಾರು ಪ್ರಕಟಿಸಿದರು, ಯಾವ ಮೂಲದಿಂದ ತೆಗೆದದ್ದು. ಇದು ಕಡ್ಡಾಯ. ಎರಡನೆಯದು ದಾಖಲಿಸಿದ ಕ್ರಮ: ಮೂಲದ ಕಾಗುಣಿತವನ್ನು ಹಾಗೆಯೇ ಇಟ್ಟಿದ್ದೇವೆಯೇ, ಬದಲಿಸಿದ್ದೇವೆಯೇ. ಹಳಗನ್ನಡದ ಱ ಮತ್ತು ೞ ಅಕ್ಷರಗಳನ್ನು ರ, ಳ ಎಂದು ಬದಲಿಸಿದ್ದರೆ ಇಲ್ಲಿ ಹೇಳಬೇಕು. ಹಳೆಯ ದಖ್ಖನಿ ಪ್ರತಿಗಳಲ್ಲಿ ಕಾತಿಬರು ‘ಗಾಫ್’ ಅಕ್ಷರವನ್ನೂ ‘ಕಾಫ್’ನಂತೆಯೇ ಒಂದೇ ಗೆರೆಯಲ್ಲಿ ಬರೆಯುವುದುಂಟು. ನಾವು ಅದನ್ನು ಬಿಡಿಸಿ ಬರೆದಿದ್ದರೆ ಅದನ್ನೂ ಹೇಳಬೇಕು. ಮೂರನೆಯದು ಪಾಠದ ಪರಿಚಯ: ಭಾಷೆ, ಕಾಲ, ವಿಷಯ. ನಾಲ್ಕನೆಯದು ತಿದ್ದುಪಡಿಯ ದಾಖಲೆ: ಯಾವ ದಿನ, ಯಾರು, ಏನನ್ನು ತಿದ್ದಿದರು.

ಹಸ್ತಪ್ರತಿಗಳಿಗೆ ಇನ್ನೂ ವಿವರವಾದ ವ್ಯವಸ್ಥೆಯಿದೆ. ಪ್ರತಿ ಇರುವ ಊರು, ಗ್ರಂಥಾಲಯ, ಅಲ್ಲಿನ ಸಂಖ್ಯೆ, ಅದರೊಳಗಿನ ಕೃತಿಗಳು, ಕಾಗದ, ಹಾಳೆ, ಅಳತೆ, ರಟ್ಟು, ಹುಟ್ಟಿದ್ದು ಎಲ್ಲಿ, ಯಾರ ಕೈಯಿಂದ ಯಾರ ಕೈಗೆ ಬಂತು. ಇದನ್ನು ನೋಡಿದರೆ ತರ್ಕೀಮಾ, ಅರ್ಜ್ ದೀದಾ, ಪುಷ್ಪಿಕೆ ಎಲ್ಲವೂ ಒಂದೇ ಕಡೆ ಸೇರಿದಂತೆ ಕಾಣುತ್ತದೆ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ಸೇರಿ ಆರಂಭಿಸಿದ, ಬ್ರಿಟನ್ನಿನ ಗ್ರಂಥಾಲಯಗಳಲ್ಲಿರುವ ಇಸ್ಲಾಮೀ ಹಸ್ತಪ್ರತಿಗಳ ಸಂಯುಕ್ತ ಸೂಚಿಯು ಟಿ.ಇ.ಐ. ನಿಯಮದಲ್ಲೇ ಇದೆ. ಅದಕ್ಕೆ ಅವರಿಟ್ಟ ಹೆಸರು ‘ಫಿಹ್ರಿಸ್ತ್’! ಬಾಗ್ದಾದಿನ ಆ ಪುಸ್ತಕ ವ್ಯಾಪಾರಿಯ ನೆನಪು ಹೀಗೆ ಸಾವಿರ ವರ್ಷಗಳ ನಂತರವೂ ಉಳಿದಿದೆ.

ಸ್ಕ್ಯಾನ್ ಮಾಡಿದರೆ ಸಾಕೇ?

ನಮ್ಮ ದೇಶದ ಅನುಭವವೂ ಒಂದು ಪಾಠ ಕಲಿಸುತ್ತದೆ. 2000ದ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲ್ಗೊಂಡ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಲಕ್ಷಾಂತರ ಪುಸ್ತಕಗಳ ಸ್ಕ್ಯಾನಿಂಗ್ ನಡೆಯಿತು. ಕನ್ನಡ ಮತ್ತು ಉರ್ದು ಪುಸ್ತಕಗಳೂ ಅದರಲ್ಲಿದ್ದವು. ಇದು ದೊಡ್ಡ ಕೆಲಸವೇ ಸರಿ. ಆದರೆ ಪುಸ್ತಕಗಳ ಹೆಸರುಗಳು ಇಂಗ್ಲಿಷ್ ಅಕ್ಷರಗಳಲ್ಲಿ, ಒಂದೊಂದು ಕಡೆ ಒಂದೊಂದು ರೀತಿಯ ಕಾಗುಣಿತದಲ್ಲಿ ದಾಖಲಾಗಿದ್ದವು. ಕನ್ನಡದಲ್ಲಿ ಹುಡುಕಿದವರಿಗೆ ಕನ್ನಡ ಪುಸ್ತಕವೇ ಸಿಗುತ್ತಿರಲಿಲ್ಲ. ಪುಸ್ತಕ ಇದ್ದೂ ಇಲ್ಲದಂತಾಗಿತ್ತು. 2010ರ ದಶಕದಲ್ಲಿ ‘ಸಂಚಯ’ ಬಳಗದ ಸ್ವಯಂಸೇವಕರು ಈ ಹೆಸರುಗಳನ್ನು ಒಂದೊಂದಾಗಿ ಕನ್ನಡ ಲಿಪಿಗೆ ತಂದು ‘ಪುಸ್ತಕ ಸಂಚಯ’ ಎಂಬ ಹುಡುಕುವ ವ್ಯವಸ್ಥೆ ಮಾಡಿದರು. ಸ್ಕ್ಯಾನ್ ಮಾಡಿದ ಹಾಳೆಗಳು ಮೊದಲಿನವೇ. ವಿವರ ಸರಿಯಾದ ಮೇಲೆ ಅವು ಓದುಗರ ಕೈಗೆ ಸಿಕ್ಕವು. ಉರ್ದು ಪುಸ್ತಕಗಳಿಗೂ ಇಂಥ ಸೇವೆ ಮಾಡುವ ಯುವಕರು ನಮ್ಮಲ್ಲಿ ಮುಂದೆ ಬರಬೇಕು.

ನಾವು ಮಾಡಬಹುದಾದದ್ದು

ಕೇಂದ್ರ ಸರ್ಕಾರವು 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಆರಂಭಿಸಿತು. 2025ರ ಬಜೆಟ್ಟಿನಲ್ಲಿ ‘ಜ್ಞಾನ ಭಾರತಂ’ ಯೋಜನೆಯನ್ನು ಘೋಷಿಸಿತು. ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ ಮತ್ತು ದಾಖಲೀಕರಣ ಅದರ ಗುರಿ. ಖಾಸಗಿ ಸಂಗ್ರಹಗಳೂ ಅದರ ವ್ಯಾಪ್ತಿಯಲ್ಲಿವೆ. 75 ವರ್ಷಕ್ಕಿಂತ ಹಳೆಯ ಕೈಬರಹದ ಗ್ರಂಥವನ್ನು ಹಸ್ತಪ್ರತಿಯೆಂದು ಪರಿಗಣಿಸುತ್ತಾರೆ. ಅಜ್ಜ ಬರೆದಿಟ್ಟ ಯೂನಾನಿ ನುಸ್ಖೆಗಳು, ನಾನಿ ಓದುತ್ತಿದ್ದ ದಖ್ಖನಿ ಮಸ್ನವಿ, ಮದ್ರಸಾದ ಕಪಾಟಿನ ಫಾರ್ಸಿ ಪುಸ್ತಕ ಇವೆಲ್ಲ ಅದಕ್ಕೆ ಸೇರಬಹುದು.

ಇಂದು ಮನೆಯ ಹುಡುಗರು ಇಂಥ ಪುಸ್ತಕಗಳ ಹಾಳೆಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಕಳುಹಿಸುತ್ತಾರೆ. ಸಂತೋಷದ ವಿಷಯ. ಆದರೆ ಪುಸ್ತಕದ ವಿವರವನ್ನು ಮೊಬೈಲು ಫೋಟೋಗೆ ತಾನಾಗಿಯೇ ಸೇರಿಸುವುದಿಲ್ಲ. ಪುಸ್ತಕ ಯಾರದು ಎಂದು ಬಲ್ಲ ಹಿರಿಯರು ಹೋದ ಮೇಲೆ ಆ ಫೋಟೋ ಅನಾಥವಾಗುತ್ತದೆ. ಆದ್ದರಿಂದ ಫೋಟೋ ತೆಗೆಯುವ ಮೊದಲು ಒಂದು ಹಾಳೆಯಲ್ಲಿ ಕೆಳಗಿನ ವಿವರ ಬರೆದು, ಆ ಹಾಳೆಯ ಫೋಟೋವನ್ನೇ ಮೊದಲು ತೆಗೆಯಿರಿ:

1. ಪುಸ್ತಕದ ಹೆಸರು, ಅದು ಪುಸ್ತಕದಲ್ಲೇ ಇದೆಯೇ, ಮನೆಯವರು ಹೇಳಿದ್ದೇ
2. ರಚಿಸಿದವರು, ಪ್ರತಿ ಮಾಡಿದವರು (ಇಬ್ಬರೂ ಬೇರೆ ಇರಬಹುದು)
3. ಭಾಷೆ, ಲಿಪಿ
4. ಮೊದಲ ಮತ್ತು ಕೊನೆಯ ಸಾಲು, ಇದ್ದಂತೆಯೇ
5. ತರ್ಕೀಮಾದಲ್ಲಿರುವ ದಿನಾಂಕ, ಇದ್ದಂತೆಯೇ, ಯಾವ ಶಕೆ, ನಿಮ್ಮ ಲೆಕ್ಕದ ಕ್ರಿಸ್ತಶಕ
6. ಹಾಳೆಗಳ ಸಂಖ್ಯೆ; ಉದ್ದ, ಅಗಲ; ಕಳೆದುಹೋದ ಹಾಳೆಗಳು
7. ಮೊಹರು, ಸಹಿ, ಅಂಚಿನ ಬರಹ
8. ಯಾರಿಂದ ಯಾರಿಗೆ ಬಂತು, ಯಾವ ಊರುಗಳನ್ನು ದಾಟಿತು
9. ಈಗ ಎಲ್ಲಿದೆ
10. ಈ ವಿವರವನ್ನು ಹೇಳಿದವರು, ಬರೆದವರು, ಬರೆದ ದಿನ

ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’ ಎಂದೇ ಬರೆಯಿರಿ. ಅದೂ ಒಂದು ಮಾಹಿತಿಯೇ. ಊಹೆಯಾದರೆ ‘ಊಹೆ’ ಎಂದು ಬರೆಯಿರಿ. ಹಳೆಯ ಹಾಳೆಯ ಮೇಲೆ ಮಾತ್ರ ಪೆನ್ನಿನಿಂದ ಏನನ್ನೂ ಬರೆಯಬೇಡಿ. ಪ್ರೌಢಶಾಲೆಯ ವಿದ್ಯಾರ್ಥಿ ಯಾರಾದರೂ ಅರ್ಧ ಗಂಟೆಯಲ್ಲಿ ಇದನ್ನು ಮಾಡಬಲ್ಲರು. ರಜೆಯಲ್ಲಿ ಒಬ್ಬೊಬ್ಬ ವಿದ್ಯಾರ್ಥಿ ತನ್ನ ಮನೆಯ ಅಥವಾ ಮೊಹಲ್ಲಾದ ಒಂದೊಂದು ಪುಸ್ತಕಕ್ಕೆ ಇಂಥ ಹಾಳೆ ತುಂಬಿಸಿದರೂ ಒಂದೇ ವರ್ಷದಲ್ಲಿ ಮೈಸೂರಿನ ನಮ್ಮದೇ ಫಿಹ್ರಿಸ್ತ್ ಆರಂಭವಾಗುತ್ತದೆ.

ಶ್ರೀರಂಗಪಟ್ಟಣದ ಗ್ರಂಥಗಳ ವಿವರ ಬರೆಯಲು ಹೊರದೇಶದ ಒಬ್ಬರು ಬೇಕಾದರು, ಅದೂ ಪುಸ್ತಕಗಳು ನಮ್ಮ ಕೈಬಿಟ್ಟ ಮೇಲೆ. ಇಂದು ನಮ್ಮ ಮನೆಗಳಲ್ಲಿ ಉಳಿದಿರುವ ಪುಸ್ತಕಗಳು ಇನ್ನೂ ನಮ್ಮ ಕೈಯಲ್ಲೇ ಇವೆ. ಅವುಗಳ ಸನದನ್ನು ಹೇಳಬಲ್ಲ ದಾದಾ, ದಾದಿ, ನಾನಾ, ನಾನಿಯರೂ ನಮ್ಮ ನಡುವೆ ಇದ್ದಾರೆ. ಅವರ ಬಳಿ ಕುಳಿತು, ಕೇಳಿ, ಬರೆದುಕೊಳ್ಳುವ ಕೆಲಸವನ್ನು ಈ ವರ್ಷದ ರಜೆಯಿಂದಲೇ ಆರಂಭಿಸೋಣ.